ಫೈಟರ್ ಮೀನಿನ ಮರಿ ಮಾಡಿಸಲು ಹೋಗಿ

ಮೀನು ಸಾಕುವವನಿಗೆ ಮೀನಿನಿಂದ ಏನೂ ತೊಂದರೆ ಇಲ್ಲ. ತೊಂದರೆ ಕೊಡುವವರೆಲ್ಲ ನೀರಿನ ಹೊರಗೇ ಓಡಾಡಿಕೊಂಡಿರುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹತ್ತಿರ ಹತ್ತಿರ ಎರಡು ವರ್ಷ ಫೈಟರ್ ಮೀನಿನ ಮರಿ ಮಾಡಿಸಲು ಒದ್ದಾಡಿದೆ. ಆ ಎರಡು ವರ್ಷದಲ್ಲಿ ಒಬ್ಬರಲ್ಲ ಒಬ್ಬರು ಬಂದು ಏನಾದರೊಂದು ಮಾಡುತ್ತಲೇ ಇದ್ದರು. ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನನಗೆ ಈಗಲೂ ಮೈ ಉರಿಯುತ್ತದೆ.

ಆಗ ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮನೆ ಅಶೋಕಪುರಂನಲ್ಲಿ. ಕೆಳಗೆ ನಾವು ಬಾಡಿಗೆಗೆ, ಮೇಲೆ ಮನೆ ಓನರು. ನಮ್ಮದು ಗಂಡ, ಹೆಂಡತಿ, ಮೂರನೇ ಕ್ಲಾಸಿನ ಮಗಳು, ಇಷ್ಟೇ ಸಂಸಾರ. ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ.

ಫೈಟರ್ ಮೀನು ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಗಂಡಿಗೆ ರೇಷ್ಮೆ ಸೆರಗಿನಂಥ ಬಾಲ. ಎರಡು ಗಂಡು ಒಂದೇ ತೊಟ್ಟಿಯಲ್ಲಿದ್ದರೆ ಒಂದು ಸಾಯುವ ತನಕ ಬಡಿದಾಡುತ್ತವೆ. ಇಷ್ಟು ಜಗಳಗಂಟ ಪ್ರಾಣಿ ಮರಿ ಮಾಡುವ ಹೊತ್ತಿಗೆ ನೀರಿನ ಮೇಲೆ ಬಾಯಿಂದ ಗುಳ್ಳೆ ಬಿಟ್ಟು ನೊರೆಯ ಗೂಡು ಕಟ್ಟುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಎತ್ತಿ ಆ ನೊರೆಗೆ ಅಂಟಿಸುತ್ತದೆ. ಆಮೇಲೆ ಕಾವಲು ನಿಲ್ಲುತ್ತದೆ. ಇದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದಷ್ಟೇ ನನ್ನ ಆಸೆ. ಅದೇನು ದೊಡ್ಡ ಆಸೆಯೇ?

ಜೋಡಿ

ಮೀನಿನಂಗಡಿಯವನಿಗೆ ಬಿಡಿಸಿ ಹೇಳಿದ್ದೆ, ಒಂದು ಗಂಡು, ಒಂದು ಹೆಣ್ಣು ಕೊಡಪ್ಪ ಅಂತ. ಅವನು ಉದ್ದ ಬಾಲದ ನೀಲಿ ಮೀನೊಂದು, ಮೊಂಡು ಬಾಲದ ಮಾಸಲು ಮೀನೊಂದು ಕೊಟ್ಟ. ಹೆಣ್ಣು ಹೀಗೆ ಸಪ್ಪೆಯಾಗಿಯೇ ಇರುತ್ತದೆ ಅಂದ. ನಂಬಿದೆ. ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿಟ್ಟು ಒಂದು ತಿಂಗಳು ಹೊಟ್ಟೆ ತುಂಬ ಮೇಯಿಸಿ, ಒಂದು ಭಾನುವಾರ ಬೆಳಗ್ಗೆ ತೊಟ್ಟಿಗೆ ಬಿಟ್ಟೆ.

ಐದು ನಿಮಿಷದಲ್ಲಿ ಎರಡೂ ಬಾಯಿಗೆ ಬಾಯಿ ಕೊಟ್ಟು ನಿಂತವು. ನನಗೆ ಸಂತೋಷ ತಡೆಯಲಾಗಲಿಲ್ಲ. ಹೆಂಡತಿಯನ್ನು ಕೂಗಿ, ಬಾ ಬಾ, ಮುತ್ತು ಕೊಡ್ತಿದಾವೆ ನೋಡು ಅಂದೆ. ಅವಳು ಕೈ ಒರೆಸಿಕೊಂಡು ಬಂದು, ಬಗ್ಗಿ ನೋಡಿ, ಮುತ್ತು ಕೊಟ್ಟರೆ ಬಾಲ ಯಾಕೆ ಕಿತ್ತು ಬರುತ್ತದೆ ಅಂತ ಕೇಳಿದಳು.

ಎರಡೂ ಗಂಡು. ಗಾಯವಾದ ಎರಡನ್ನೂ ಬಾಟಲಿಗೆ ಹಾಕಿಕೊಂಡು ಸೈಕಲ್ ತುಳಿದು ಅಂಗಡಿಗೆ ಹೋದೆ. ಕೂಗಾಡಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಸಾವಧಾನವಾಗಿ ಕನ್ನಡಕ ಹಾಕಿಕೊಂಡು, ಮಾಸಲು ಮೀನಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ನಾನು ಕೊಟ್ಟಾಗ ಹೆಣ್ಣೇ ಆಗಿತ್ತು ಸಾರ್," ಅಂದ. "ನೀವು ಜಾಸ್ತಿ ಚೆನ್ನಾಗಿ ಸಾಕ್ಬುಟ್ಟಿದೀರ."

ಗುರುಗಳು

ಇನ್ನು ಅಂಗಡಿಯವರನ್ನು ನಂಬಬಾರದು, ಓದಿದವರನ್ನು ಕೇಳಬೇಕು ಅಂತ ತೀರ್ಮಾನ ಮಾಡಿದೆ. ಯಾದವಗಿರಿಯಲ್ಲಿ ಪ್ರಾಣಿಶಾಸ್ತ್ರದ ನಿವೃತ್ತ ಮೇಷ್ಟರೊಬ್ಬರಿದ್ದಾರೆ ಅಂತ ಯಾರೋ ಹೇಳಿದರು. ದೊಡ್ಡ ಬಂಗಲೆ, ನೆರಳು, ವರಾಂಡದಲ್ಲಿ ಬೆತ್ತದ ಕುರ್ಚಿ. ಐದಾರು ಭಾನುವಾರ ಅಲ್ಲಿ ಕೈಕಟ್ಟಿ ಕೂತು ಪಾಠ ಕೇಳಿದೆ.

ಅವರು ಈ ಮೀನಿಗೆ ಬೆಟ್ಟಾ ಅನ್ನಬೇಕು ಅಂದರು. ಮನೆಗೆ ಬಂದು ಇನ್ನೊಂದು ಬೆಟ್ಟಾ ತರೋಕೆ ಹೋಗಬೇಕು ಅಂದರೆ, ಮೈಸೂರಿನ ಹೆಂಗಸು ತಾನೆ, ಬೆಟ್ಟಕ್ಕೆ ಹೋಗಿ ಬರ್ತೀನಿ ಅಂತ ಕೇಳಿಸಿಕೊಂಡು ನನ್ನವಳು ಚೀಲಕ್ಕೆ ತೆಂಗಿನಕಾಯಿ, ಊದುಬತ್ತಿ ಹಾಕಿಟ್ಟಿದ್ದಳು. ಅದಿರಲಿ.

ಮೇಷ್ಟರ ಪಾಠ ಮಾತ್ರ ಅಚ್ಚುಕಟ್ಟು. ನೀರು ಒಂದು ಗೇಣಿಗಿಂತ ಹೆಚ್ಚಿರಬಾರದು. ಒಣಗಿದ ಕಾಡುಬಾದಾಮಿ ಎಲೆ ಹಾಕಬೇಕು. ಲಾಂದ್ರದ ಗಾಜನ್ನು ತೊಟ್ಟಿಯೊಳಗೆ ನಿಲ್ಲಿಸಿ, ಹೆಣ್ಣನ್ನು ಅದರೊಳಗೆ ಬಿಟ್ಟು, ಎರಡು ದಿನ ಒಂದನ್ನೊಂದು ಬರೀ ನೋಡಲು ಬಿಡಬೇಕು. ಮನೆಯಲ್ಲಿ ಸದ್ದಾಗಬಾರದು. ಈ ಕೊನೆಯ ಮಾತಿಗಾಗಿ ನಾನು ಹತ್ತು ದಿನ ಮನೆಯಲ್ಲಿ ಕುಕ್ಕರ್ ಕೂಗಿಸದ ಹಾಗೆ ಮಾಡಿದೆ. ಹೆಂಡತಿ ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿದಳು, ಬೇಯಿಸುತ್ತಾ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಆರನೇ ಭಾನುವಾರ, ತಮ್ಮ ತೊಟ್ಟಿಯನ್ನು ಒಂದು ಸಲ ತೋರಿಸಿ ಸಾರ್ ಅಂತ ಕೇಳಿದೆ. ಮೇಷ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು.

"ನಾವು ಶುದ್ಧ ಸಸ್ಯಾಹಾರಿಗಳು ಕಣ್ರೀ," ಅಂದರು. "ಮನೆಯೊಳಗೆ ಮೀನು ಹೇಗ್ರೀ ತರೋಕಾಗುತ್ತೆ?"

ತವರುಮನೆ

ಇರಲಿ, ಪಾಠ ಹೇಳಿಕೊಟ್ಟಿದ್ದರಲ್ಲ. ಗಾಯ ಮಾಗಿದ ನೀಲಿ ಗಂಡಿಗೆ ಬೇರೆ ಅಂಗಡಿಯಿಂದ ಅಸಲಿ ಹೆಣ್ಣೊಂದನ್ನು ತಂದೆ. ಮೇಷ್ಟರು ಹೇಳಿದ ಹಾಗೆ ಲಾಂದ್ರದ ಗಾಜು ಇಟ್ಟು, ಎರಡು ದಿನ ಕಳೆದು, ಮೂರನೇ ದಿನ ಬೆಳಗ್ಗೆ ಗಾಜು ಎತ್ತಿ ಕೆಲಸಕ್ಕೆ ಹೋದೆ. ಈ ಮೀನಿನಲ್ಲಿ ಗಂಡು ಮೊದಮೊದಲು ಹೆಣ್ಣನ್ನು ಅಟ್ಟಾಡಿಸುತ್ತದೆ, ಕಚ್ಚುತ್ತದೆ. ಅದು ಅವುಗಳ ಪದ್ಧತಿ. ತೊಟ್ಟಿಯ ಮೂಲೆಯಲ್ಲಿ ಗಿಡ ಹಾಕಿ ಹೆಣ್ಣಿಗೆ ಅಡಗಲು ಜಾಗವನ್ನೂ ಮಾಡಿದ್ದೆ.

ಸಂಜೆ ಬಂದು ನೋಡಿದರೆ ಹೆಣ್ಣೇ ಇಲ್ಲ.

ಮಧ್ಯಾಹ್ನ ಓನರಮ್ಮ ಕರಿಬೇವು ಕೇಳಲು ಕೆಳಗೆ ಬಂದಿದ್ದರಂತೆ. ತೊಟ್ಟಿಯಲ್ಲಿ ನಡೆಯುತ್ತಿದ್ದುದನ್ನು ನೋಡಿ ಕರಿಬೇವು ಮರೆತರಂತೆ. ಹಾರ್ಲಿಕ್ಸ್ ಬಾಟಲಿಗೆ ಹೆಣ್ಣನ್ನು ಹಿಡಿದು ಹಾಕಿಕೊಂಡು ಮೇಲೆ ಹೋಗಿದ್ದರು. ನನ್ನ ಹೆಂಡತಿ ತಡೆಯುವುದಿರಲಿ, ಬಾಟಲಿ ತೊಳೆದು ಕೊಟ್ಟವಳೇ ಅವಳು.

ಮೇಲೆ ಹೋಗಿ ಕೇಳಿದೆ. ಓನರಮ್ಮ ಬಾಗಿಲಿಗೆ ಅಡ್ಡ ನಿಂತರು. "ಆ ಕೂಸಿನ ಸೆರಗೆಲ್ಲ ಹರಿದಾಕವ್ನೆ. ನೋಡ್ಕಂಡು ಸುಮ್ನಿರಕಾಯ್ತದಾ?"

ಅದು ಅವುಗಳ ಪದ್ಧತಿ, ಆಮೇಲೆ ಸರಿಹೋಗುತ್ತದೆ ಅಂತ ವಿವರಿಸಿದೆ.

"ಎಲ್ರೂ ಅಂಗೇ ಅನ್ನೋದು," ಅಂದರು.

ಗಂಡು ಮೊದಲು ನೆಟ್ಟಗೆ ಗೂಡು ಕಟ್ಟಲಿ, ತಾವೇ ಬಂದು ನೋಡಿ, ಒಪ್ಪಿಗೆಯಾದರೆ ಕಳಿಸುತ್ತೇವೆ ಅಂತ ಹೇಳಿಬಿಟ್ಟರು. ಮೀನು ನನ್ನದು, ತೊಟ್ಟಿ ನನ್ನದು, ಆದರೂ ನಾನು ಬರಿಗೈಯಲ್ಲಿ ಇಳಿದು ಬಂದೆ. ಎಂಟು ದಿನ ಹೀಗೇ ಆಯಿತು. ದಿನಾ ಸಂಜೆ ಓನರಮ್ಮ ಬಂದು, ತೊಟ್ಟಿಯಲ್ಲಿ ಇಣುಕಿ, ಗೂಡು ಸಾಲದು ಅನ್ನುವ ಹಾಗೆ ತಲೆಯಾಡಿಸಿ ಹೋಗುತ್ತಿದ್ದರು.

ಒಂಬತ್ತನೇ ದಿನ ಮೆಟ್ಟಿಲ ಹತ್ತಿರ ಓನರು ಸಿಕ್ಕಿದರು. ಅವರು ಬಾಡಿಗೆ ವಿಷಯ ಬಿಟ್ಟರೆ ನನ್ನ ಜೊತೆ ಮಾತಾಡಿದವರೇ ಅಲ್ಲ. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಹೇಳಿದರು: "ಎಂಟೇ ದಿನಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನನ್ನ ನಮ್ಮನೆಯವಳ ಅಪ್ಪನ ಮನೆ ಜಗಲಿ ಮೇಲೆ ಆರು ತಿಂಗಳು ಕೂರಿಸಿದ್ರು."

ನೊರೆ

ಕೊನೆಗೆ ಓನರಮ್ಮನ ಒಪ್ಪಿಗೆ ಸಿಕ್ಕಿತು, ಹೆಣ್ಣು ಕೆಳಗೆ ಬಂತು, ಮೊಟ್ಟೆಯೂ ಆಯಿತು. ಗಂಡು ಅಷ್ಟನ್ನೂ ಎತ್ತಿ ಎತ್ತಿ ನೊರೆಗೆ ಅಂಟಿಸಿತು. ನಾನು ಹೆಣ್ಣನ್ನು ಬೇರೆ ಮಾಡಿ, ಇನ್ನೇನು ಮಾರನೇ ದಿನ ಮರಿ ಅಂದುಕೊಂಡು ಫಸ್ಟ್ ಶಿಫ್ಟಿಗೆ ಹೋದೆ.

ಅದೇ ದಿನ ಊರಿನಿಂದ ಅತ್ತೆ ಬರಬೇಕೇ?

ಅತ್ತೆಗೆ ಕೊಳಕು ಕಂಡರಾಗದು. ಬಂದವರೇ ಸೀರೆ ಎತ್ತಿ ಕಟ್ಟಿ ಮನೆಯನ್ನೆಲ್ಲ ಗುಡಿಸಿ ಒರೆಸಿದರು. ತೊಟ್ಟಿಯ ಮೇಲೆ ನೊರೆ ಕಟ್ಟಿದ್ದು ಕಂಡಿತು. ಸಾರಿಗೆ ಬೇಳೆ ಬೇಯುವಾಗ ಮೇಲೆ ಬಂದ ನೊರೆ ತೆಗೆಯುತ್ತಾರಲ್ಲ, ಹಾಗೆ ಸೌಟಿನಿಂದ ಅಷ್ಟನ್ನೂ ಬಳಿದು, ಹಿತ್ತಲಿನ ಬಾಳೆ ಬುಡಕ್ಕೆ ಸುರಿದರು.

ನಾನು ಬಂದಾಗ ತೊಟ್ಟಿಯ ನೀರು ಕನ್ನಡಿಯ ಹಾಗಿತ್ತು. ಗಂಡು ಅತ್ತಿಂದಿತ್ತ ಹುಡುಕಾಡುತ್ತಿತ್ತು. ಹೆಂಡತಿಯ ಎದುರು ಅವಳ ತಾಯಿಗೆ ಏನಂತ ಹೇಳುವುದು? ನಾನು ಗೋಡೆ ಕಡೆ ತಿರುಗಿ ಕೂತೆ. ಗಂಡು ಮೀನು ನನಗಿಂತ ಗಟ್ಟಿ. ಹುಡುಕಿ ಸಾಕಾಗಿ, ಮೂಲೆಗೆ ಹೋಗಿ ಮತ್ತೆ ಗುಳ್ಳೆ ಬಿಡಲು ಶುರು ಮಾಡಿತು. ಅತ್ತೆ ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು, ನನ್ನ ಹತ್ತಿರ ಬಂದರು.

"ಪಾಪ ಅದಕ್ಕೆ ತಿಂದದ್ದು ಅರಗಿಲ್ಲ ಕಣಪ್ಪ, ಮತ್ತೆ ನೊರೆ ಕಕ್ತಾ ಇದೆ. ಒಂಚೂರು ಜೀರಿಗೆ ಕಷಾಯ ಹುಯ್ಯಲಾ?"

ಕಾರಣ

ಮರಿ ಮಾಡುವ ಮೀನಿಗೆ ಜೀವಂತ ಆಹಾರ ಕೊಡಬೇಕು. ಎಲ್ಲಕ್ಕಿಂತ ಒಳ್ಳೆಯದು ಸೊಳ್ಳೆ ಮರಿ. ಹಾಗಾಗಿ ಹಿತ್ತಲಿನಲ್ಲಿ ಹಳೇ ಡ್ರಮ್ಮಿನಲ್ಲಿ ನೀರು ನಿಲ್ಲಿಸಿ, ಒಂದಷ್ಟು ಕೊಳೆತ ಎಲೆ ಹಾಕಿ, ಕಷ್ಟಪಟ್ಟು ಸೊಳ್ಳೆ ಮರಿ ಬೆಳೆಸಿದ್ದೆ. ದಿನಾ ಬೆಳಗ್ಗೆ ಟೀ ಸೋಸುವ ಜಾಲರಿಯಲ್ಲಿ ಎತ್ತಿ ಹಾಕುತ್ತಿದ್ದೆ. ಬೇರೆ ಜಾಲರಿ, ಟೀದಲ್ಲ.

ಒಂದು ದಿನ, ಮನೆ ಮನೆಗೂ ಹೋಗಿ ಎಲ್ಲಿ ನೀರು ನಿಂತಿದೆ ಅಂತ ನೋಡುವ ಆರೋಗ್ಯ ಇಲಾಖೆಯವರೊಬ್ಬರು ಬಂದರು. ಡ್ರಮ್ಮಿಗೆ ಟಾರ್ಚ್ ಬಿಟ್ಟು, ಇದರಲ್ಲಿ ಏನಿದೆ ಗೊತ್ತಾ ಅಂತ ಗದರಿಸಿದರು. ಗೊತ್ತು, ಸೊಳ್ಳೆ ಮರಿ, ನಾನೇ ಸಾಕಿದ್ದು ಅಂದೆ. ಇಷ್ಟು ವರ್ಷದ ನೌಕರಿಯಲ್ಲಿ ಮುಚ್ಚಿಟ್ಟವರನ್ನು ನೋಡಿದೀನಿ, ಜಗಳಕ್ಕೆ ಬಂದವರನ್ನು ನೋಡಿದೀನಿ, ಸಾಕಿದೀನಿ ಅಂದವರನ್ನು ನೋಡಿಲ್ಲ ಅಂದರು. ನನ್ನ ಮೀನು ಸೊಳ್ಳೆಯನ್ನು ತಿಂದು ಮುಗಿಸುತ್ತದೆ, ನಿಮ್ಮ ಕೆಲಸವನ್ನೇ ನಾನು ಮಾಡುತ್ತಿರುವುದು ಅಂತ ನ್ಯಾಯ ಹೇಳಿದೆ. ಅವರು ಡ್ರಮ್ಮನ್ನು ಕಾಲಿನಿಂದ ಉರುಳಿಸಿದರು.

ಆಮೇಲೆ ಪುಸ್ತಕ ತೆಗೆದು ಬರೆದುಕೊಂಡರು. ಬಗ್ಗಿ ನೋಡಿದೆ. ನೀರು ನಿಲ್ಲಲು ಕಾರಣ ಅನ್ನುವ ಕಡೆ "ಹವ್ಯಾಸ" ಅಂತ ಬರೆದಿದ್ದರು.

ರಜ

ಕೊನೆಗೂ ಒಂದು ಮಂಗಳವಾರ ಬೆಳಗ್ಗೆ ಮರಿ ಆದವು. ಅವುಗಳಲ್ಲಿ ಮೂವತ್ತು ಚಿಲ್ಲರೆ ಬದುಕಿ ದೊಡ್ಡವಾದವು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅದನ್ನು ಹೇಳಲು ಯಾರೂ ಬಿಡುವುದಿಲ್ಲ.

ನೊರೆಯ ಕೆಳಗೆ ಸಾಸಿವೆಗಿಂತ ಸಣ್ಣ ಮರಿಗಳು ಬಾಲ ಕೆಳಗೆ ಮಾಡಿ ನೇತಾಡುತ್ತಿದ್ದವು. ಒಂದು ಜಾರಿ ಬಿದ್ದರೆ ಗಂಡು ಓಡಿ ಬಂದು ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಸೇರಿಸುತ್ತಿತ್ತು. ನೋಡಿ ನನ್ನ ಕಣ್ಣು ತುಂಬಿತು. ಇವನ್ನು ಇವತ್ತು ಯಾರ ಕೈಗೂ ಬಿಟ್ಟು ಹೋಗಬಾರದು ಅಂದುಕೊಂಡು, ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಓಡಿ ಕಾರ್ಖಾನೆಗೆ ಫೋನ್ ಮಾಡಿದೆ. ಸೂಪರ್‌ವೈಸರ್ ಮೇಜು ಮೆಷಿನ್ನುಗಳ ಪಕ್ಕದಲ್ಲೇ ಇದ್ದದ್ದು. ಆ ಗದ್ದಲದಲ್ಲಿ ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು.

"ಸಾರ್, ಮನೇಲಿ ಬೆಳಗ್ಗೆ ಮರಿ ಆಗಿದಾವೆ. ಹತ್ರ ಯಾರಾದ್ರೂ ಇರ್ಬೇಕು. ರಜ ಬೇಕಿತ್ತು."

ಎಲ್ಲ ಆರೋಗ್ಯವಾ ಅಂತ ಕೇಳಿದರು. ಆರೋಗ್ಯವಾಗಿದಾವೆ ಅಂದೆ. ಇದಾವೆ ಅಂದರೆ ಒಂದಕ್ಕಿಂತ ಜಾಸ್ತಿಯಾ ಅಂದರು. ಹೌದು ಸಾರ್, ಜಾಸ್ತಿನೇ ಅಂದೆ. ಆಮೇಲೆ ಅವರು, ಮೂರು ದಿನ ತಗೊಳಪ್ಪ ಅಂದರು. ನಮ್ಮಪ್ಪನ ತಿಥಿಗೆ ಅರ್ಧ ದಿನ ಕೊಡಲು ಅತ್ತಿದ್ದ ಮನುಷ್ಯ. ಇವರಿಗೂ ಮೀನಿನ ಮೇಲೆ ಇಷ್ಟು ಪ್ರೀತಿ ಇದೆಯಲ್ಲ ಅಂತ ನಾನು ಕರಗಿಹೋದೆ. ನಮ್ಮ ಕಡೆ ಮಗುವನ್ನೂ ಮುದ್ದಿಗೆ ಮರಿ ಅಂತಲೇ ಕರೆಯುತ್ತಾರೆ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮಾರನೇ ದಿನ ಸಂಜೆ ಸೂಪರ್‌ವೈಸರ್, ಅವರ ಮನೆಯವರು, ನಮ್ಮ ವಿಭಾಗದ ಐದು ಜನ, ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಎರಡು ಕುಲಾವಿ, ಎರಡು ಜೊತೆ ದೃಷ್ಟಿಬಳೆ, ಎರಡು ಡಬ್ಬಿ ಪೌಡರು. ಸೂಪರ್‌ವೈಸರ್ ಮನೆಯವರ ಕೈಯಲ್ಲಿ ಬಾಣಂತಿಗೆ ಅಂತ ಮಾಡಿದ ಅಂಟಿನುಂಡೆಯ ದೊಡ್ಡ ಡಬ್ಬಿ. ಬೋರಿನಿಂದ ನೀರು ಹೊತ್ತು ತಂದು ಬಿಂದಿಗೆ ಇಳಿಸುತ್ತಿದ್ದ ನನ್ನ ಹೆಂಡತಿಯನ್ನು ಕಂಡು ಆ ತಾಯಿ ಗಾಬರಿಯಾದರು.

"ಏನಮ್ಮಾ ಇದು, ಹಸಿ ಬಾಣಂತಿ ಬಿಂದಿಗೆ ಎತ್ತುತಾರಾ? ಕಿವಿಗೆ ಹತ್ತಿನೂ ಇಟ್ಕೊಂಡಿಲ್ಲ."

ನನ್ನ ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಯಾರೋ ಮಕ್ಕಳೆಲ್ಲಿ ಅಂತ ಕೇಳಿದರು. ಬೇರೆ ದಾರಿ ಇರಲಿಲ್ಲ. ಎಲ್ಲರನ್ನೂ ತೊಟ್ಟಿಯ ಮುಂದೆ ನಿಲ್ಲಿಸಿ ನಡೆದದ್ದು ಹೇಳಿದೆ. ಕುಲಾವಿ ಹಿಡಿದುಕೊಂಡೇ ಎಲ್ಲರೂ ಬಗ್ಗಿ ನೋಡಿದರು. ಸೂಪರ್‌ವೈಸರ್ ಮುಖ ಕೆಂಪಾಗುತ್ತಾ ಬಂತು. ಅವರು ಬಾಯಿ ತೆರೆಯುವ ಮೊದಲೇ ಅವರ ಮನೆಯವರು, ಇದರಲ್ಲಿ ತಾಯಿ ಯಾವುದು ಅಂತ ಕೇಳಿದರು.

ನನಗೆ ಜೀವ ಬಂದ ಹಾಗಾಯಿತು. ತಾಯಿಗೆ ಇಲ್ಲಿ ಕೆಲಸವಿಲ್ಲಮ್ಮ, ಎಲ್ಲ ನೋಡಿಕೊಳ್ಳುವುದು ತಂದೆಯೇ, ಮರಿ ಈಜುವ ತನಕ ನೆಟ್ಟಗೆ ಊಟವನ್ನೂ ಮಾಡುವುದಿಲ್ಲ, ಪಕ್ಕ ಬಿಟ್ಟು ಕದಲುವುದಿಲ್ಲ ಅಂತ ಹೆಮ್ಮೆಯಿಂದ ವಿವರಿಸಿದೆ. ಅದನ್ನು ಹೇಳಬಾರದಿತ್ತು.

"ನಮ್ಮ ಮಗಳು ಹುಟ್ಟಿದ್ದು ಬೆಳಗ್ಗೆ," ಅಂದಳು ನನ್ನ ಹೆಂಡತಿ. ದನಿ ಏರಿಸಲಿಲ್ಲ. "ಇವ್ರು ಶಿಫ್ಟ್ ಮುಗಿಸ್ಕೊಂಡು, ಕ್ಯಾಂಟೀನಲ್ಲಿ ಬೋಂಡ ತಿನ್ಕೊಂಡು, ಸಂಜೆ ಆಸ್ಪತ್ರೆಗೆ ಬಂದ್ರು. ಒಂದು ದಿನ ರಜ ಹಾಕ್ಲಿಲ್ಲ."

ನಾನು ಸೂಪರ್‌ವೈಸರ್ ಕಡೆ ನೋಡಿದೆ. ಅವತ್ತು ರಜ ಕೊಡದಿದ್ದವರೇ ಅವರು. ಅವರು ತೊಟ್ಟಿಯ ಮೂಲೆಯ ಗಿಡವನ್ನೇ ದಿಟ್ಟಿಸುತ್ತಿದ್ದರು.

"ನಿಮ್ಮೋರು ಸಂಜೆಗಾದ್ರೂ ಬಂದ್ರಲ್ಲಮ್ಮ," ಅಂದರು ಸೂಪರ್‌ವೈಸರ್ ಮನೆಯವರು. "ನಮ್ಮೋರು ಬಂದಿದ್ದು ಮೂರನೇ ದಿನ."

ಹಾಗೆ ಅಂದವರು ಅಂಟಿನುಂಡೆಯ ಡಬ್ಬಿಯ ಮುಚ್ಚಳ ತೆಗೆದು, ನನ್ನ ಕೈಗೂ ಕೊಡದೆ, ತಮ್ಮ ಗಂಡನ ಕೈಗೂ ಕೊಡದೆ, ತೊಟ್ಟಿಯ ಪಕ್ಕ ಗಂಡು ಮೀನಿನ ಎದುರಿಗೆ ಇಟ್ಟರು.

"ಬಾಣಂತನ ಮಾಡ್ತಿರೋನು ಇವನೊಬ್ಬನೇ. ಇವನೇ ತಿನ್ಲಿ."