ನನ್ನ ಚುಕ್ಕಿ ಅಳಿಸಿದಾಗ

ನಡೆದದ್ದು ಇಷ್ಟೇ: ನನ್ನನ್ನು ಅಳಿಸಿದರು, ನಮ್ಮ ಸಂಸಾರ ಮೂರು ಚೂರಾಗಿ ಮೂರು ದಿಕ್ಕಿಗೆ ಹೋಯಿತು. ಗಾಬರಿಯಾಗಬೇಡಿ. ಯಾರೂ ಜಗಳವಾಡಲಿಲ್ಲ, ಆಸ್ತಿ ಭಾಗವಾಗಲಿಲ್ಲ, ನಾನು ಸಾಯಲೂ ಇಲ್ಲ. ಮೊಮ್ಮಗಳು ಮೇಘಾ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಳು. ಆ ತಮಾಷೆ ನೋಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ನನ್ನನ್ನು ಸ್ಕೂಲು ಬಿಡಿಸಿದರು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನಿರುವುದು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ, ದೊಡ್ಡ ಮಗ ಮೋಹನನ ಮನೆಯಲ್ಲಿ. ಮೇಘಾ ಅವನ ಮಗಳು. ನನ್ನ ಮಗಳು ಸುಧಾ ಅಡಿಲೇಡ್‌ನಲ್ಲಿ ಡಾಕ್ಟರು. ಕೊನೆಯವನು ರವಿ ಬ್ರಿಸ್ಬೇನ್‌ನಲ್ಲಿದ್ದಾನೆ. ಮಕ್ಕಳೆಲ್ಲ ಒಂದೇ ದೇಶದಲ್ಲಿದ್ದಾರೆ, ನೀವು ಪುಣ್ಯವಂತರು ಎಂದು ನಮ್ಮೂರು ಮೈಸೂರಿನವರು ಹೊಗಳುತ್ತಾರೆ. ಒಂದೇ ದೇಶ ನಿಜ. ಆದರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ವಿಮಾನ ಹತ್ತಬೇಕು. ಗಡಿಯಾರ ಕೂಡ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ತೋರಿಸುತ್ತದೆ.

ಮೇಘಾಗೆ ಯೂನಿವರ್ಸಿಟಿಯಲ್ಲಿ ಚುಕ್ಕಿ ಗೆರೆಗಳ ಪಾಠವಂತೆ. ಮನೆಯವರನ್ನೆಲ್ಲ ಹಿಡಿದು, ಈ ತಿಂಗಳು ಯಾರು ಯಾರಿಗೆ ಫೋನ್ ಮಾಡಿದಿರಿ ಎಂದು ಕೇಳಿದಳು. ಒಬ್ಬೊಬ್ಬರಿಗೂ ಒಂದು ಚುಕ್ಕಿ, ಫೋನಿನಲ್ಲಿ ಮಾತಾಡಿದವರ ನಡುವೆ ಒಂದು ಗೆರೆ. ಒಂದೇ ಮನೆಯಲ್ಲಿರುವವರಿಗೆ ಫೋನಿಲ್ಲದಿದ್ದರೂ ಗೆರೆ. ನಾನು ರಂಗೋಲಿ ಹಾಕುವವಳು, ಇದರಲ್ಲೇನು ಪಾಠ ಅಂದುಕೊಂಡೆ. ರಂಗೋಲಿಯ ಚುಕ್ಕಿ ಇಟ್ಟಲ್ಲೇ ಇರುತ್ತದೆ. ಇವಳ ಚುಕ್ಕಿಗಳಿಗೆ ಜೀವವಿದೆ.

"ಅಜ್ಜಿ, ಎಲ್ಲಾ ಡಾಟ್ಸೂ ಒಂದನ್ನೊಂದು ಪುಶ್ ಮಾಡುತ್ತೆ. ಲೈನ್ ಇದ್ರೆ ಸ್ಪ್ರಿಂಗ್ ಥರ ಪುಲ್ ಮಾಡುತ್ತೆ," ಅಂದಳು.

"ಅಂದ್ರೆ ಸಂಬಂಧ ಇಲ್ಲದೋರನ್ನ ದೂಡು, ಇರೋರನ್ನ ಎಳಿ, ಅಷ್ಟೇ ತಾನೆ?"

"ನೋ ಅಜ್ಜಿ, ಇರೋರನ್ನೂ ದೂಡುತ್ತೆ. ಜೊತೆಗೆ ಎಳೆಯುತ್ತೆ."

"ಸರಿಯಾಗೇ ಇದೆ ಬಿಡು, ನಮ್ಮ ಮನೆಯೇ," ಅಂದೆ.

ಶುರು ಮಾಡಿದಳು ನೋಡಿ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚುಕ್ಕಿಗಳೆಲ್ಲ ಎದ್ದು ಹಾರಿದವು. ಮೊದಲು ದೊಡ್ಡ ದೊಡ್ಡ ನೆಗೆತ, ಆಮೇಲೆ ಸಣ್ಣದು, ಕೊನೆಗೆ ಬರೀ ನಡುಕ. ದೂಡುವುದೂ ಎಳೆಯುವುದೂ ಸಮವಾದಾಗ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ನೀನಿಲ್ಲಿ ಕೂತ್ಕೋ, ನೀನಲ್ಲಿ ಕೂತ್ಕೋ ಎಂದು ಯಾರೂ ಹೇಳಲಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಾನು ಜನ್ಮವಿಡೀ ಕಿರುಚಿಕೊಂಡು ಮಾಡಿದ ಕೆಲಸ ಇದು. "ಇನ್ನೊಂದ್ಸಲ ಮಾಡು, ಇನ್ನೊಂದ್ಸಲ," ಎಂದು ಅವಳ ಪ್ರಾಣ ತಿಂದೆ. ಪ್ರತಿ ಸಲವೂ ಚಿತ್ರ ತಲೆಕೆಳಗಾಗಿ, ಅಡ್ಡಡ್ಡವಾಗಿ ಬಂತು. ಆದರೆ ಯಾರ ಪಕ್ಕ ಯಾರು ಅನ್ನುವುದು ಬದಲಾಗಲಿಲ್ಲ. ಎಲ್ಲದರಲ್ಲೂ ನಟ್ಟನಡುವೆ ನಾನು. ನನಗೆ ಎಷ್ಟು ಜಂಬ ಬಂತೆಂದರೆ ಅಡುಗೆಮನೆಯಿಂದ ಸೊಸೆಯನ್ನೂ ಕರೆದು ತೋರಿಸಿದೆ.

ಅಷ್ಟರಲ್ಲಿ ಮೇಘಾ ಅಂದಳು: "ನೀನು ಎಲ್ಲರನ್ನೂ ಎಳೆದು ಗಂಟು ಮಾಡಿದೀಯ ಅಜ್ಜಿ. ನಿನ್ನನ್ನ ತೆಗೆದ್ರೆ ಉಳಿದವರದು ಕ್ಲಿಯರ್ ಆಗಿ ಕಾಣುತ್ತೆ."

"ತೆಗಿ, ನೋಡೋಣ."

ಒತ್ತಿದಳು. ಬ್ರಿಸ್ಬೇನಿನವರು ಮೇಲಿನ ಮೂಲೆಗೆ, ಅಡಿಲೇಡಿನವರು ಕೆಳಗಿನ ಮೂಲೆಗೆ, ನಮ್ಮ ಪರ್ತಿನವರು ಇನ್ನೊಂದು ಕಡೆಗೆ ಜಾರಿಕೊಂಡು ಹೊರಟೇಬಿಟ್ಟರು. ಮನೆ ಮನೆಗಳ ನಡುವೆ ಎಳೆಯುವ ಗೆರೆ ಒಂದೂ ಇಲ್ಲ, ಬರೀ ದೂಡುವುದೇ ಉಳಿಯಿತು.

ಮೋಹನ ಬಂದು ಇಣುಕಿದ. "ಯಾರಮ್ಮ ಅದು, ಆ ಮೂಲೇಲಿ?"

"ನಿನ್ನ ತಂಗಿ."

"ಏನ್ ಹುಡುಗಾಟ, ನಾನೂ ಸುಧಾನೂ ಮಾತಾಡ್ತಾನೇ ಇರ್ತೀವಲ್ಲ."

"ಯಾವಾಗ ಮಾತಾಡಿದ್ಯೋ?"

"ನೀನು ಹೇಳ್ತಿರ್ತೀಯಲ್ಲಮ್ಮ, ಅವಳ ವಿಷಯ," ಅಂದ.

ಇದು ನಮ್ಮ ಮನೆಯ ಪದ್ಧತಿ. ಎಲ್ಲರ ಮಾತೂ ನನ್ನ ಮೂಲಕವೇ ಹೋಗಬೇಕು. ಅಮ್ಮ, ಅಕ್ಕನಿಗೆ ಹೇಳು. ಅಮ್ಮ, ತಮ್ಮನನ್ನು ಕೇಳು. ನಾನೂ ಮಾತನ್ನು ಹಾಗೇ ದಾಟಿಸುವುದಿಲ್ಲ, ಉಪ್ಪು ಖಾರ ನೋಡಿ ದಾಟಿಸುತ್ತೇನೆ. ಸುಧಾ ಕಳಿಸಿದ ಚಟ್ನಿಪುಡಿ ಬಾಯಿಗಿಡಲಾಗಲಿಲ್ಲ ಎಂದು ರವಿ ಹೇಳಿದ. ತುಂಬ ಇಷ್ಟಪಟ್ಟನಂತೆ ಎಂದು ನಾನು ಸುಧಾಗೆ ಹೇಳಿದೆ. ಅವಳು ಖುಷಿಯಾಗಿ ಇನ್ನೊಂದು ಡಬ್ಬಿ ಕಳಿಸಿದಳು. ಸಂಸಾರ ನಿಭಾಯಿಸುವುದು ಅಂದರೆ ಇದೇ ಅಂದುಕೊಂಡಿದ್ದೆ.

ನಾನೇ ಮೌಸ್ ಹಿಡಿದು ಸುಧಾಳ ಚುಕ್ಕಿಯನ್ನು ದರದರ ಎಳೆದು ರವಿಯ ಪಕ್ಕ ಕೂರಿಸಿದೆ. ಕೈಬಿಟ್ಟೆ. ಮೆಲ್ಲಗೆ ದೂರ ಜಾರಿದಳು. ಮತ್ತೆ ಎಳೆದೆ, ಮತ್ತೆ ಜಾರಿದಳು. "ಲೈನ್ ಇಲ್ದೆ ನಿಲ್ಲಲ್ಲ ಅಜ್ಜಿ," ಅಂದಳು ಮೇಘಾ. ನನಗೆ ವಯಸ್ಸಾಗಿದೆ. ಆ ಗುಂಡಿಯನ್ನು ಒಂದು ದಿನ ಯಮ ಒತ್ತುತ್ತಾನೆ. ಅದಕ್ಕೆ ಅಳುತ್ತ ಕೂತರೆ ಗೆರೆ ಬೀಳುತ್ತದೆಯೇ?

ಮಾರನೇ ಬೆಳಿಗ್ಗೆ, ನಮಗಿನ್ನೂ ಕಾಫಿ ಆಗಿರಲಿಲ್ಲ, ರವಿಯ ಫೋನು. ಅವರಲ್ಲಿ ಆಗಲೇ ಆಫೀಸಿಗೆ ಹೊರಡುವ ಹೊತ್ತು. "ಅಮ್ಮ, ಅಕ್ಕ ದೀಪಾವಳಿಗೆ ಪರ್ತ್‌ಗೆ ಬರ್ತಾಳಾ ಕೇಳು. ಹಾಗೇ ಚಟ್ನಿಪುಡಿ ಇನ್ನು ಕಳಿಸ್ಬೇಡ ಅಂತ ನಯವಾಗಿ ಹೇಳ್ಬಿಡು."

"ನಿನ್ನ ಬೆರಳು ಸವೆದುಹೋಗಿದ್ಯಾ? ನೀನೇ ಫೋನ್ ಮಾಡಿ ಹೇಳು."

"ಅವಳಿಗೆ ಬೇಜಾರಾಗುತ್ತಮ್ಮ."

"ಆಗ್ಲಿ," ಎಂದು ಫೋನ್ ಇಟ್ಟುಬಿಟ್ಟೆ.

ಕಾಫಿ ಬೆರೆಸಿಕೊಂಡು ಕೂತೆ. ತಮ್ಮ ಫೋನ್ ಮಾಡಿದನೇ ಎಂದು ಕೇಳಲು ಸುಧಾಗೆ ಫೋನ್ ಮಾಡಿದೆ. ಎಂಗೇಜು. ಅಕ್ಕನಿಗೆ ಮಾಡಿದೆಯಾ ಎಂದು ಕೇಳಲು ರವಿಗೆ ಫೋನ್ ಮಾಡಿದೆ. ಅವನದೂ ಎಂಗೇಜು. ಹಾಲಿನ ಲೋಟ ಹಿಡಿದು ಬಂದ ಮೇಘಾ ನನ್ನ ಮುಖ ನೋಡಿ, "ಲೈನ್ ಬಿತ್ತು ಅಜ್ಜಿ," ಎಂದು ಕುಣಿದಳು. ಕಾಫಿ ಆರಿತು, ಹೊರಗೆ ಬಿಸಿಲು ಬಂತು, ಎರಡು ಕಡೆಯೂ ಇನ್ನೂ ಎಂಗೇಜು. ಒಂದು ಚಟ್ನಿಪುಡಿಗೆ ಇಷ್ಟು ಮಾತೇ? ನನ್ನ ಮೇಲೆ ಅದೇನು ಚಾಡಿ ಹೇಳಿಕೊಳ್ಳುತ್ತಿದ್ದಾರೋ ಎಂದು ಮತ್ತೆ ಸುಧಾಗೇ ಫೋನ್ ಮಾಡಿದೆ.