ಫೋನಿನಲ್ಲಿ ಏನೂ ಹೇಳಬೇಡ

ಮಕ್ಕಳಿಗೆ ಬುದ್ಧಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಅಫಜಲಪುರ ತಾಲೂಕಿನಲ್ಲಿ ಇಲ್ಲವೆಂದು ನಾನು ಈಗಲೂ ನಂಬಿದ್ದೇನೆ. ಹೇಳಿದ್ದನ್ನು ಚಾಚೂ ತಪ್ಪದೆ ಕೇಳುವ ಮಕ್ಕಳಿಂದ ಆಗುವ ಫಜೀತಿಯ ಮಾತು ಬೇರೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಫೋನು ಬಂದಾಗ ಹೆಂಡತಿ ಅದಕ್ಕೆ ಕುಂಕುಮ ಹಚ್ಚಿ, ಕಸೂತಿಯ ಬಟ್ಟೆ ಹೊದಿಸಿದಳು. ನಾನು ಹತ್ತು ವರ್ಷದ ಮಗಳು ಗೌರಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಬಾಗಿಲಿಗೆ ಬಂದವನ ಮುಖವಾದರೂ ಕಾಣುತ್ತದೆ, ತಂತಿಯಲ್ಲಿ ಬಂದವನದು ಕಾಣುವುದಿಲ್ಲ. ಹೆಸರು, ವಯಸ್ಸು, ಮನೆಯಲ್ಲಿ ಯಾರಿದ್ದಾರೆಂಬುದು, ಯಾವುದನ್ನೂ ಹೇಳಕೂಡದು. "ನಾನ ನಿಮ್ಮಪ್ಪ ಅಂತ ಯಾರರ ನನ್ನ ದನಿ ತಗದು ಮಾತಾಡಿದ್ರೂ ನಂಬಬ್ಯಾಡ" ಎಂದೆ. ಆ ಕೊನೆಯ ಮಾತು ಬೇಕಿರಲಿಲ್ಲ, ಭಾಷಣದ ಭರದಲ್ಲಿ ಬಂದುಬಿಟ್ಟಿತು.

ಆ ಬೇಸಿಗೆ ರಜೆಯಲ್ಲೇ ಗೌರಿಯ ವಸತಿ ಶಾಲೆಯ ಅರ್ಜಿ ಕೊಡಲು ಕಲಬುರಗಿಗೆ ಹೋದೆ. ಅದೇ ಕಡೆಯ ದಿನ. ಹುಟ್ಟಿದ ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನದಾದರೆ ಚಿಂತೆಯಿಲ್ಲ, ನಮ್ಮ ಹೆಡ್‌ಮಾಸ್ತರರು ಇಡೀ ಕ್ಲಾಸನ್ನೇ ಜೂನ್ ಒಂದಕ್ಕೆ ಹುಟ್ಟಿಸಿದ್ದರು. ಮಗಳದು ನಿಜವಾದ ತಾರೀಖು, ಹಾಗಾಗಿ ನೆನಪಿರಲಿಲ್ಲ. ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ.

"ಗೌರಿ, ನಾ ನಿಮ್ಮಪ್ಪ. ನಿನ್ನ ಹುಟ್ಟಿದ ತಾರೀಖ ಲಗೂನ ಹೇಳು."

"ಹೇಳಂಗಿಲ್ರಿ. ನೀವು ನಮ್ಮಪ್ಪ ಇದ್ರ ನಿಮಗ ಗೊತ್ತಿರಬೇಕಲ್ರಿ?"

ಅತ್ತ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚುವ ಹೊತ್ತು. ಮಗಳ ಒಂದು ವರ್ಷ ನನ್ನ ಕೈಯಿಂದಲೇ ಹಾಳಾಗುವುದರಲ್ಲಿತ್ತು. ಬೂತಿನ ಬಾಗಿಲು ತೆರೆದಿದೆ, ಹಿಂದೆ ಹತ್ತು ಮಂದಿ ಸರದಿಯಲ್ಲಿದ್ದಾರೆ ಎಂಬುದನ್ನೂ ಮರೆತು ಗಂಟಲು ಹರಿಯುವಂತೆ ಕೂಗಿದೆ.

"ನಿಮ್ಮವ್ವ ಘತ್ತರಗಿ ಗುಡಿಗಿ ಹೋಗ್ಯಾಳ, ಸಂಜಿ ತನಕ ಬರಂಗಿಲ್ಲ! ಮನ್ಯಾಗ ನೀ ಒಬ್ಬಾಕೇ ಇದ್ದಿ! ಬಾಗಲಾ ಕೀಲಿ ನೀರಿನ ಹೌದಿನ ಹಿಂದ ಕಲ್ಲಿನ ಬುಡಕ ಇಡತೀವಿ! ಇನ್ನರ ನಂಬತಿ ಇಲ್ಲ ಬೇ?"

ಗೌರಿ ನಂಬಿ ತಾರೀಖು ಹೇಳಿದಳು. ಹೊರಗೆ ಬಂದರೆ ಸರದಿಯಲ್ಲಿದ್ದ ರುಮಾಲಿನ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ಸಾಹೇಬ್ರ, ಮಗಳು ಭಾಳ ಶಾಣ್ಯಾಕಿ ಅದಾಳ್ರಿ. ಆ ಕೀಲಿ ಜಾಗಾ ಮಾತ್ರ ಇವತ್ತ ಬದಲಿ ಮಾಡ್ರಿ."

ಅರ್ಜಿ ಹೊತ್ತಿಗೆ ಸರಿಯಾಗಿ ಸೇರಿತು. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ತಾಯಿ ಮಗಳು ಕೂಡಿ ಕೀಲಿಯನ್ನು ಬೇರೆಡೆ ಇಟ್ಟರು. ಎಲ್ಲಿ ಎಂದು ಕೇಳಿದೆ. "ನಿನಗ ಹೇಳಂಗಿಲ್ಲಪ್ಪಾ, ನೀ ಊರಿಗೆಲ್ಲಾ ಹೇಳ್ತಿ" ಎಂದಳು ಗೌರಿ. ಆ ರಜೆಯಿಡೀ ಆಫೀಸಿನಿಂದ ಬೇಗ ಬಂದ ದಿನವೆಲ್ಲ, ಅವರು ಬರುವವರೆಗೂ ನಾನು ನನ್ನ ಮನೆಯ ಕಟ್ಟೆಯ ಮೇಲೆಯೇ ಕುಳಿತಿರುತ್ತಿದ್ದೆ. ಯಾಕ್ರೀ ಹೊರಗ ಕುಂತೀರಿ ಎಂದು ಹೋಗಿಬರುವವರು ಕೇಳುತ್ತಿದ್ದರು. ನಾನು ಏನೂ ಹೇಳುತ್ತಿರಲಿಲ್ಲ.