ಆಕಳ ಹಿಂದೆ ಸೀಟಿ

ಗಂಡ ಸತ್ತ ಮನೆಯಲ್ಲಿ ಏನು ಮಾಡಬಾರದು ಎಂದು ಹೇಳುವವರಿಗೆ ನಮ್ಮ ಭಂಕೂರದಲ್ಲಿ ಕೊರತೆಯಿಲ್ಲ. ಒಗ್ಗರಣೆ ಹಾಕಬಾರದು, ಟಿವಿ ಹಚ್ಚಬಾರದು, ಹೊಸ್ತಿಲ ಮೇಲೆ ಕೂಡಬಾರದು. ಸೀಟಿ ಹೊಡೆಯಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹೆಂಗಸೊಬ್ಬಳು ಆ ಕೆಲಸಕ್ಕೂ ಇಳಿದಾಳು ಎಂದು ಅವರಿಗಾದರೂ ಹೇಗೆ ಹೊಳೆಯಬೇಕು?

ನಮ್ಮವರು ತೊಗರಿ ಹೊಲಕ್ಕೆ ಚೀಲದ ಗೊಬ್ಬರ ಬಿಟ್ಟು ಜೀವಾಮೃತ ಹಿಡಿದಿದ್ದರು. ಸಗಣಿ, ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಎಲ್ಲವನ್ನೂ ನೀರಿನ ಡ್ರಮ್ಮಿನಲ್ಲಿ ಕಲಸಿ ನೆರಳಿಗಿಟ್ಟು ಎರಡು ಹೊತ್ತು ಕೋಲಿನಿಂದ ತಿರುವುತ್ತಿದ್ದರು. ನಾನು ಮೂಗು ಮುಚ್ಚಿಕೊಂಡರೆ, "ಮಣ್ಣಿಗಿ ಹಸಿವ್ಯಾಗ್ಯಾದ, ಅಡಿಗಿ ಮಾಡಾಕತ್ತೀನಿ," ಎನ್ನುತ್ತಿದ್ದರು. ಮನೆಯ ಅಡಿಗೆಗೆ ಎಂದೂ ಸೌಟು ಮುಟ್ಟಿದವರಲ್ಲ. ಆದರೂ ಮಣ್ಣು ಉಂಡದ್ದು ಸುಳ್ಳಲ್ಲ. ಹೆಂಟೆಗಟ್ಟಿ ಬಿರಿಯುತ್ತಿದ್ದ ಕರಿನೆಲ ಕೈಯಲ್ಲಿ ಪುಡಿಯಾಗುವಂತಾಗಿತ್ತು, ಎರೆಹುಳು ಬಂದಿದ್ದವು.

ಅವರು ಹೋದ ಮೇಲೆ ಹೊಲ ನೋಡುವವನು ಮೈದುನ. ಒಳ್ಳೆಯವನೇ. "ವೈನಿ, ಅಣ್ಣನ ಹುಚ್ಚು ಅಣ್ಣನ ಸಂಗಾಟ ಹೋತ್ರಿ. ಈ ಸಲ ಚೀಲದ ಗೊಬ್ಬರ ಹಾಕ್ತೀನಿ," ಎಂದ. ಅವರ ಅಂಗಿ, ಚಪ್ಪಲಿ ಕೊಟ್ಟಾಗ ಸುಮ್ಮನಿದ್ದವಳು ಆ ಮಣ್ಣನ್ನು ಮಾತ್ರ ಬಿಟ್ಟುಕೊಡಲಾರದೆ ಹೋದೆ. "ಡ್ರಮ್ ನಾ ತುಂಬ್ತೀನಪ್ಪ," ಎಂದೆ.

"ಸೋಮವಾರದೊಳಗ ತುಂಬ್ರಿ. ಇಲ್ಲಂದ್ರ ಚೀಲ ತರ್ತೀನಿ ನೋಡ್ರಿ."

ಎಲ್ಲ ಸಿಕ್ಕಿತು, ಗೋಮೂತ್ರವೊಂದು ಬಿಟ್ಟು. ನಮ್ಮ ಜವಾರಿ ಆಕಳು, ಅವರು ನಸುಕಿನಲ್ಲಿ ಬೆನ್ನು ಸವರಿ ಸೀಟಿ ಹೊಡೆದರೆ ಬಕೆಟ್ ತುಂಬಿಸುತ್ತಿತ್ತು. ನಾನೂ ಸವರಿದೆ, ಬೇಡಿಕೊಂಡೆ, ಬೈದೆ. ನಾನು ಒಳಗೆ ಹೋದ ಮೇಲೆಯೇ ಅದು ನೆಲ ತೋಯಿಸುತ್ತಿತ್ತು. ಭಾನುವಾರ ಬೇರೆ ದಾರಿಯಿಲ್ಲದೆ ತುಟಿ ಮುಂದೆ ಮಾಡಿ ಊದುತ್ತ ನಿಂತಿದ್ದೆ. ಅಷ್ಟರಲ್ಲಿ ಚಿತ್ತಾಪುರದ ಕಾಕಿ, ನಮ್ಮವರ ಚಿಕ್ಕಪ್ಪನ ಹೆಂಡತಿ, ಮಾತಾಡಿಸಿ ಅತ್ತು ಹೋಗಲು ಬಂದಳು. ಸೆರಗು ಬಾಯಿಗೆ ಹಚ್ಚಿ ರಾಗ ತೆಗೆದವಳು ಅರ್ಧಕ್ಕೇ ನಿಲ್ಲಿಸಿದಳು.

"ಅಯ್ಯ ನಮ್ಮವ್ವಾ! ಗಂಡ ಹೋಗಿ ತಿಂಗಳಾಗಿಲ್ಲ, ಸೀಟಿ ಹೊಡಿಲಿಕತ್ತೀಯೇನ? ಯಾರಿಗೆ?"

"ಆಕಳಿಗ್ರಿ, ಕಾಕಿ."

ಎಲ್ಲ ಹೇಳಿದೆ. ಕಾಕಿ ಓಣಿಯ ಕಡೆ ಇಣುಕಿ, ಬಾಗಿಲು ಹಾಕಿ ಬಂದಳು. "ಇದೇನ ಸೀಟಿ? ಚಹಾ ಆರಿಸ್ದಂಗ ಆಗ್ಲಿಕತ್ತದ. ಆಕಡಿ ಸರಿ," ಎಂದು ಎಂಥ ಸೀಟಿ ಹೊಡೆದಳೆಂದರೆ, ಆಕಳು ಕಿವಿ ನಿಮಿರಿಸಿ ಬಾಲ ಎತ್ತಿತು. "ಬಕೀಟ್ ಹಿಡಿಯೇ, ಹುಚ್ಚಿ!" ಬಕೆಟ್ ತುಂಬಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತ ನಗುತ್ತ ಕಾಕಿ ಬಂದ ಕೆಲಸವೂ ಆಯಿತು. ಗೋದಲಿಗೆ ಒರಗಿ ಇಬ್ಬರೂ ಅತ್ತೆವು.

ಮರುದಿನ ಮೈದುನ ಡ್ರಮ್ಮಿನೊಳಗೆ ಇಣುಕಿ, ಮೂಗು ಮುಚ್ಚಿ, "ಥೇಟ್ ಅಣ್ಣಂದೇ ವಾಸನಿ ನೋಡ್ರಿ ವೈನಿ," ಎಂದ. ಚೀಲ ತರಲಿಲ್ಲ.

ಗೆದ್ದೆನೆಂದು ಹಿಗ್ಗಿದೆ. ಕಾಕಿ ಬಸ್ಸು ಹತ್ತಿದ ಮೇಲೆ ನೆನಪಾಯಿತು, ತೊಗರಿ ಕೊಯ್ದು ರಾಶಿಯಾಗುವವರೆಗೂ ಡ್ರಮ್ ಮತ್ತೆ ಮತ್ತೆ ತುಂಬಬೇಕು. ಈಗ ದಿನಾ ನಸುಕಿಗೆ ಆಕಳ ಹಿಂದೆ ನಿಂತು ಊದುತ್ತೇನೆ. ಗಾಳಿ ಬರುತ್ತದೆ, ಸೀಟಿ ಬರುವುದಿಲ್ಲ. ಆಕಳು ತಿರುಗಿ ನನ್ನನ್ನು ನೋಡುತ್ತದೆ, ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದೂ ನೋಡುತ್ತದೆ. ಆಮೇಲೆ, ಪಾಪ ಎನ್ನಿಸುವುದೋ ಏನೋ, ಒಂದಿಷ್ಟು ಬಿಡುತ್ತದೆ. ಬಕೆಟ್ಟಿಗಲ್ಲ, ನನ್ನ ಕಾಲ ಮೇಲೆ.